ಇಲ್ಲದ ಕಸ ಹೆಕ್ಕುವ ಮಕ್ಕಳು

ಅಕ್ಟೋಬರ್ ಮೊದಲ ವಾರ ಬೆಂಗಳೂರಿನಲ್ಲಿ ಒಳ್ಳೆಯ ಕಸಕ್ಕೆ ಬರ. ಗಾಂಧಿ ಜಯಂತಿ ಅಲ್ಲವೇ, ಶಾಲೆಗಳಿಗೂ ಕಸ ಬೇಕು, ಅಪಾರ್ಟ್‌ಮೆಂಟ್ ಸಂಘಗಳಿಗೂ ಬೇಕು, ಐಟಿ ಕಂಪನಿಗಳ ಸಿಎಸ್‌ಆರ್ ವಿಭಾಗಕ್ಕೂ ಬೇಕು, ವಾರ್ಡಿನ ಮಾಜಿ ಮತ್ತು ಭಾವಿ ಕಾರ್ಪೊರೇಟರುಗಳಿಗಂತೂ ಬೇಕೇ ಬೇಕು. ಊರು ತುಂಬ ಬಿದ್ದಿರುವಾಗ ಬರ ಎಲ್ಲಿಂದ ಬಂತು ಎನ್ನಬೇಡಿ. ಬಿದ್ದದ್ದೆಲ್ಲ ಅಭಿಯಾನಕ್ಕೆ ಒದಗುವ ಕಸವಲ್ಲ. ಕಣ್ಣಿಗೆ ಕಾಣಬೇಕು, ಮೂಗಿಗೆ ಬಡಿಯಬಾರದು. ಒಣಗಿರಬೇಕು, ಹಗುರವಿರಬೇಕು, ಬಣ್ಣಬಣ್ಣದ್ದಾದರೆ ಫೋಟೊಗೆ ಚೆಂದ. ಒಡೆದ ಟ್ಯೂಬ್‌ಲೈಟು, ಡಯಾಪರು, ಬಿರಿಯಾನಿ ಮಿಕ್ಕ ಪಾರ್ಸೆಲ್ ಡಬ್ಬಿ ಕಂಡರೆ ಆ ಜಾಗ ಕ್ಯಾನ್ಸಲ್. ಪಕ್ಕದಲ್ಲಿ ಕೆರೆ ಇದ್ದರೆ ಶೋಭೆ, ಆದರೆ ಕೆರೆ ನೊರೆ ಉಗುಳುತ್ತಿರಬಾರದು. ಸ್ಕೂಲ್ ಬಸ್ಸು ತಿರುಗಿಸಲು ಜಾಗ, ಕೂಗಳತೆಯಲ್ಲಿ ಒಂದು ದರ್ಶಿನಿ. ಇಷ್ಟೆಲ್ಲ ಕೂಡಿ ಬರುವ ತಿಪ್ಪೆಗೆ ಜಾತಕ ನೋಡಿಸಬೇಕು.

ಕೂಡಿ ಬರದಿದ್ದರೆ ಕಸವನ್ನು ಮೊದಲೇ ಕೂಡಿಡಬೇಕಾಗುತ್ತದೆ. ನಮ್ಮ ರಸ್ತೆಯ ಖಾಸಗಿ ಶಾಲೆಯೊಂದರ ಕೋಆರ್ಡಿನೇಟರ್ ಮೇಡಂ ಜಯಂತಿಯ ಹಿಂದಿನ ಬೆಳಿಗ್ಗೆ ಪೌರಕಾರ್ಮಿಕ ಹೆಂಗಸನ್ನು ಅಡ್ಡ ನಿಲ್ಲಿಸಿ ಮಾತಾಡಿದ್ದು ಹೀಗೆ:

“ಅಮ್ಮಾ, ಇವತ್ತು, ನಾಳೆ ಈ ರಸ್ತೆ ಗುಡಿಸಬೇಡಿ. ನಮ್ಮ ಮಕ್ಕಳು ಗುಡಿಸ್ತಾರೆ.”

“ಗುಡಿಸ್ಲಿಲ್ಲ ಅಂದ್ರೆ ಮೇಸ್ತ್ರಿ ಬೈತಾರೆ ಮೇಡಂ. ಹಾಜರಿ ಬೇರೆ ಹಾಕ್ಬೇಕು.”

“ಹಾಜರಿ ಹಾಕಿ. ಗುಡಿಸೋದೊಂದು ಬೇಡ.”

“ಆಮೇಲೆ ನಾಡಿದ್ದು ಮೂರು ದಿನದ್ದೂ ನಾನೇ ಅಲ್ವಾ ಎತ್ಬೇಕು?”

“ಅಯ್ಯೋ, ಮಕ್ಕಳು ಎತ್ತಿರ್ತಾರಲ್ಲ!”

ಆ ತಾಯಿ ಇದಕ್ಕೆ ಉತ್ತರ ಕೊಡಲಿಲ್ಲ. ಮಕ್ಕಳು ಎತ್ತಿದ ರಸ್ತೆಯನ್ನು ಆಕೆ ಹಿಂದಿನ ವರ್ಷಗಳಲ್ಲೂ ನೋಡಿದ್ದರು.

ಮೇಡಂ ಅವರನ್ನು ಬೈಯುವುದು ಬೇಡ, ಅವರು ರಾಜಧಾನಿಯ ಪರಂಪರೆಯನ್ನೇ ಪಾಲಿಸಿದ್ದಾರೆ. ಸ್ವಚ್ಛ ಭಾರತ ಅಭಿಯಾನ ಶುರುವಾದದ್ದು 2014ರ ಅಕ್ಟೋಬರ್ 2ಕ್ಕೆ. ಎರಡು ತಿಂಗಳು ತುಂಬುವ ಮೊದಲೇ ದೆಹಲಿಯಲ್ಲಿ ಗಣ್ಯರ ಗುಡಿಸುವ ಕಾರ್ಯಕ್ರಮಕ್ಕೆಂದು ಚೊಕ್ಕಟ ಜಾಗದಲ್ಲಿ ಒಣ ಎಲೆ, ಕಸ ತಂದು ಸುರಿಯುತ್ತಿರುವ ಚಿತ್ರ, ಆಮೇಲೆ ಅದನ್ನೇ ಗಣ್ಯರು ಗುಡಿಸುತ್ತಿರುವ ಚಿತ್ರ, ಎರಡೂ ಪತ್ರಿಕೆಗಳಲ್ಲಿ ಬಂದವು. ನಮ್ಮ ಮೇಡಂ ಕಸವನ್ನು ಹೊರಗಿನಿಂದ ತರಿಸಲಿಲ್ಲ. ಸ್ಥಳೀಯ ಉತ್ಪನ್ನಕ್ಕೇ ಆದ್ಯತೆ ಕೊಟ್ಟರು.

ಮಾರನೆಯ ಬೆಳಿಗ್ಗೆ ಬಸ್ಸಿಳಿದ ಮಕ್ಕಳಿಗೆ ಮೊದಲು ಸಿಕ್ಕಿದ್ದು ಕಿಟ್. ಅದರಲ್ಲಿ ನೀಲಿ ಗ್ಲೌಸು, ಒಂದು ಸಲ ಹಾಕಿ ಬಿಸಾಡುವಂಥದು. ಮಾಸ್ಕು, ಅದೂ ಬಿಸಾಡುವಂಥದು. ಎದೆಯ ಮೇಲೆ ಭೂಗೋಳ, ಬೆನ್ನ ಮೇಲೆ ಪ್ರಾಯೋಜಕರ ಹೆಸರು ಇರುವ ಪಾಲಿಯೆಸ್ಟರ್ ಟಿ-ಶರ್ಟು, ಮುಂದಿನ ತಿಂಗಳಿಂದ ಮನೆಯ ನೆಲ ಒರೆಸುವಂಥದು. ಅಂಗೈಯಗಲದ ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ, ಮಾವಿನ ಜ್ಯೂಸಿನ ಡಬ್ಬಿ. ಹಿಂದೆ ಎರಡು ಕಂಬಗಳ ನಡುವೆ ಬಿಗಿದ ಫ್ಲೆಕ್ಸಿನಲ್ಲಿ ‘ಪ್ಲಾಸ್ಟಿಕ್ ತ್ಯಜಿಸಿ, ಪರಿಸರ ಉಳಿಸಿ’. ಫ್ಲೆಕ್ಸನ್ನು ಯಾವುದರಿಂದ ಮಾಡುತ್ತಾರೆ ಎಂದು ಕೇಳಿದ ಹುಡುಗನನ್ನು ಸಾಲಿನ ಕೊನೆಗೆ ಕಳಿಸಲಾಯಿತು.

ಮುಖ್ಯ ಅತಿಥಿಗಳು ಗಾಂಧೀಜಿ ತಮ್ಮ ಕಸವನ್ನು ತಾವೇ ತೆಗೆಯುತ್ತಿದ್ದರು ಎಂದರು. ನಿಜ. ಆದರೆ ಆ ಕತೆಯ ಪೂರ್ವಾರ್ಧವನ್ನು ಯಾವ ಮುಖ್ಯ ಅತಿಥಿಯೂ ಹೇಳುವುದಿಲ್ಲ. 1901ರಲ್ಲಿ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನಕ್ಕೆ ಹೋದ ಗಾಂಧಿ ಅಲ್ಲಿನ ಶೌಚಾಲಯಗಳ ಗಲೀಜು ಕಂಡು ಮೊದಲು ಮಾಡಿದ ಕೆಲಸ ಪೊರಕೆ ಹಿಡಿದದ್ದಲ್ಲ. ಸ್ವಯಂಸೇವಕರನ್ನು ಕರೆದು ತೋರಿಸಿ, ಇದೇನು ಎಂದು ವಿಚಾರಿಸಿದರು. ಅದು ಜಾಡಮಾಲಿಗಳ ಕೆಲಸ, ನಮ್ಮದಲ್ಲ ಎಂಬ ಉತ್ತರ ಬಂತು. ಆಮೇಲೆ ಪೊರಕೆ ತರಿಸಿಕೊಂಡರು. ವಿಚಾರಣೆ ಮೊದಲು, ಪೊರಕೆ ಆಮೇಲೆ. ನಮ್ಮ ಶಾಲೆಗಳು ಪಠ್ಯ ಕಡಿತ ಮಾಡುವಾಗ ವಿಚಾರಣೆಯನ್ನು ತೆಗೆದು ಪೊರಕೆಯನ್ನು ಉಳಿಸಿಕೊಂಡಿವೆ.

ವಿಚಾರಣೆಗೆ ಬೇಕಾದ ಸಾಕ್ಷ್ಯವೆಲ್ಲ ಮಕ್ಕಳ ಚೀಲದಲ್ಲೇ ಇರುತ್ತದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಅರ್ಧ ತಾಸಿನಲ್ಲಿ ತುಂಬಿಸಿದ ಚೀಲವನ್ನು ಒಮ್ಮೆ ಇಣುಕಿ ನೋಡಿ. ಮೇಲೆ ಹೂವಿನಂಗಡಿಯ ತೆಳು ಕವರುಗಳು. 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ ತಯಾರಿಸುವುದನ್ನೂ ಮಾರುವುದನ್ನೂ ಬಳಸುವುದನ್ನೂ ನಿಷೇಧಿಸಿದೆ. ಆದ್ದರಿಂದ ಆ ಕವರುಗಳು ಇಲ್ಲ. ಅದರ ಕೆಳಗೆ ಎರಡು ಥರ್ಮಕೋಲ್ ತಟ್ಟೆ, ಒಂದಕ್ಕೆ ಮಸಾಲೆಪುರಿಯ ಬಟಾಣಿ ಅಂಟಿಕೊಂಡಿದೆ. ಅದೇ ಅಧಿಸೂಚನೆ, ತಟ್ಟೆಯೂ ಇಲ್ಲ. ಬಟಾಣಿ ಮಾತ್ರ ಕಾನೂನುಬದ್ಧ. ಪ್ಲಾಸ್ಟಿಕ್ ಚಮಚವನ್ನು ರಾಜ್ಯ ಆಗಲೇ ನಿಷೇಧಿಸಿತ್ತು, 2022ರ ಜುಲೈ 1ರಿಂದ ಕೇಂದ್ರವೂ ನಿಷೇಧಿಸಿತು, ಹಾಗಾಗಿ ಚಮಚ ಎರಡೆರಡು ಸಲ ಇಲ್ಲ. ಹರಿದ ಫ್ಲೆಕ್ಸಿನ ತುಂಡೊಂದಿದೆ, ಯಾರದೋ ಹುಟ್ಟುಹಬ್ಬದ ಶುಭಾಶಯ, ಅರ್ಧ ಮೀಸೆ, ಒಂದು ಕೂಲಿಂಗ್ ಗ್ಲಾಸು. 2016ರ ಪಟ್ಟಿಯಲ್ಲಿ ಫ್ಲೆಕ್ಸೂ ಇದೆ, ಆದ್ದರಿಂದ ನಾಯಕರೂ ಇಲ್ಲ.

ಚೀಲದ ತಳದಲ್ಲಿ ಗುಟ್ಕಾದ ಕತೆ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಗುಟ್ಕಾ, ಪಾನ್ ಮಸಾಲಾ ತುಂಬುವುದನ್ನು ಕೇಂದ್ರದ ನಿಯಮ 2011ರಲ್ಲೇ ನಿಲ್ಲಿಸಿದೆ. ಗುಟ್ಕಾವನ್ನೇ ರಾಜ್ಯ 2013ರಲ್ಲಿ ನಿಷೇಧಿಸಿದೆ. ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ. ಕಂಪನಿಯವರು ಬುದ್ಧಿವಂತರು. ಮಸಾಲೆಯನ್ನು ಒಂದು ಪೊಟ್ಟಣಕ್ಕೂ ತಂಬಾಕನ್ನು ಇನ್ನೊಂದಕ್ಕೂ ತುಂಬಿದರು. ಪೆಟ್ಟಿಗೆ ಅಂಗಡಿಯಲ್ಲಿ ಇವು ಅಕ್ಕಪಕ್ಕ ನೇತಾಡುತ್ತವೆ, ಗಿರಾಕಿಯ ಬಾಯಲ್ಲಿ ಮದುವೆಯಾಗುತ್ತವೆ, ಉಗುಳಿನೊಂದಿಗೆ ಬೀದಿಗೆ ಬೀಳುತ್ತವೆ. ಮೊದಲು ಒಂದು ಪೊಟ್ಟಣ ಹೆಕ್ಕಿದರೆ ಸಾಕಿತ್ತು, ಈಗ ಹುಡುಗಿ ಎರಡು ಸಲ ಬಗ್ಗಬೇಕು. ನಿಷೇಧದಿಂದಲೇ ಕಸ ಇಮ್ಮಡಿಯಾದ ಸಾಧನೆ ಬೇರೆ ದೇಶಗಳಿಗೆ ಸುಲಭವಾಗಿ ಒಲಿಯುವಂಥದಲ್ಲ.

ಒಟ್ಟಿನಲ್ಲಿ ಸರ್ಕಾರಿ ದಾಖಲೆಯ ಪ್ರಕಾರ ಆ ಚೀಲ ಮುಕ್ಕಾಲು ಪಾಲು ಖಾಲಿ. ಹುಡುಗಿ ಬೆನ್ನು ಬಗ್ಗಿಸಿ ಹೆಕ್ಕಿದ್ದೆಲ್ಲ ಇಲ್ಲದ ಕಸ. ಇರುವ ಕಸವನ್ನು ಗುಡಿಸಿದರೆ ಮುಗಿಯುತ್ತದೆ. ಇಲ್ಲದ ಕಸ ಎಷ್ಟು ಹೆಕ್ಕಿದರೂ ಮುಗಿಯದು, ಏಕೆಂದರೆ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಕೆಲಸ ಯಾವ ಇಲಾಖೆಗೂ ಬೀಳುವುದಿಲ್ಲ.

ಇನ್ನುಳಿದ ಕಾಲು ಭಾಗ ನ್ಯಾಯವಾದ ಕಸ. ಚಿಪ್ಸ್, ಬಿಸ್ಕತ್ತು, ಶಾಂಪೂ, ಚಾಕೊಲೇಟುಗಳ ಹೊಳೆಯುವ ಪೊಟ್ಟಣಗಳು. ಪ್ಲಾಸ್ಟಿಕ್ಕಿಗೆ ಲೋಹದ ಲೇಪ, ಅದರ ಮೇಲೆ ಇನ್ನೊಂದು ಪದರ. ಗುಜರಿಯವರು ನೀರಿನ ಬಾಟಲಿಗೆ ಕಾಸು ಕೊಡುತ್ತಾರೆ, ಹಾಲಿನ ಕವರಿಗೂ ಕೊಡುತ್ತಾರೆ, ಇದನ್ನು ಕಂಡರೆ ಮುಖ ತಿರುಗಿಸುತ್ತಾರೆ. ಚಿಂದಿ ಆಯುವವರೂ ಬಿಟ್ಟು ಹೋದ ಮಾಲು ಇದು. ಒಂದನ್ನು ಹೆಕ್ಕಿ ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಕಂಪನಿಯ ಹೆಸರು, ವಿಳಾಸ, ದೂರಿಗೆ ಫೋನ್ ನಂಬರು. ಮೂಲೆಯಲ್ಲಿ ಒಬ್ಬ ಪುಟ್ಟ ಮನುಷ್ಯ ಬುಟ್ಟಿಯೊಳಗೆ ಕಸ ಹಾಕುತ್ತಿದ್ದಾನೆ. ಎಷ್ಟೋ ವರ್ಷಗಳಿಂದ ಕೋಟ್ಯಂತರ ಪೊಟ್ಟಣಗಳ ಮೇಲೆ ದುಡಿಯುತ್ತಿರುವ ಈತನೇ ಕಂಪನಿ ನೇಮಿಸಿದ ಏಕೈಕ ಪರಿಸರ ಅಧಿಕಾರಿ. ಅವನ ಸಂದೇಶ ಸರಳ: ಪೊಟ್ಟಣ ನಮ್ಮದು, ಲಾಭ ನಮ್ಮದು, ಬುಟ್ಟಿ ಹುಡುಕುವುದು ನಿಮ್ಮದು.

ಈ ಪುಟ್ಟ ಮನುಷ್ಯನಿಗೆ ಅಮೆರಿಕದಲ್ಲಿ ಹಿರಿಯರಿದ್ದಾರೆ. ಅಲ್ಲಿನ ವರ್ಮಾಂಟ್ ರಾಜ್ಯದ ಹೊಲಗಳಲ್ಲಿ ಎಸೆದ ಬಾಟಲಿಗಳ ಗಾಜು ದನಗಳಿಗೆ ಕಂಟಕವಾಗಿ, ಹೈನುಗಾರರು ಗಲಾಟೆ ಎಬ್ಬಿಸಿ, 1953ರಲ್ಲಿ ಮರಳಿ ತುಂಬಲಾಗದ ಬಿಯರ್ ಬಾಟಲಿಗಳನ್ನೇ ಕಾನೂನು ನಿಷೇಧಿಸಿತು. ಅದೇ ವರ್ಷ ಡಬ್ಬ, ಬಾಟಲಿ ತಯಾರಿಸುವ ಕಂಪನಿಗಳು ಸೇರಿ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಎಂಬ ಸಂಸ್ಥೆ ಕಟ್ಟಿದವು. ಅದು ಸಾರಿದ್ದು ಬಾಟಲಿ ತಪ್ಪಲ್ಲ, ಎಸೆಯುವ ಕೈ ತಪ್ಪು ಎಂಬ ತತ್ವ. ನಾಲ್ಕೇ ವರ್ಷದಲ್ಲಿ ವರ್ಮಾಂಟಿನ ನಿಷೇಧ ಬಿದ್ದುಹೋಯಿತು, ತತ್ವ ಬೀಳಲಿಲ್ಲ. 1971ರಲ್ಲಿ ಅವರೇ ಒಂದು ಟಿವಿ ಜಾಹೀರಾತು ತಂದರು. ತಲೆಗೆ ಗರಿ ಸಿಕ್ಕಿಸಿಕೊಂಡ ಮೂಲನಿವಾಸಿಯೊಬ್ಬ ಕಸ ತುಂಬಿದ ನದಿಯಲ್ಲಿ ದೋಣಿ ನಡೆಸಿ ಬರುತ್ತಾನೆ, ಕಾರಿನಿಂದ ಯಾರೋ ಎಸೆದ ಕಸದ ಪೊಟ್ಟಣ ಅವನ ಕಾಲ ಬುಡಕ್ಕೆ ಬೀಳುತ್ತದೆ, ಕಣ್ಣಿನಿಂದ ಒಂದು ಹನಿ. ದೇಶವೇ ಕರಗಿತು. ಅತ್ತ ನಟ ಮೂಲನಿವಾಸಿಯೂ ಅಲ್ಲ, ಇಟಲಿ ಮೂಲದವನು ಎಂಬುದು ಆಮೇಲೆ ಗೊತ್ತಾಯಿತು. ಕಣ್ಣೀರಿನ ಹಿಂದೆ ಬಾಟಲಿ ಕಂಪನಿಗಳ ದುಡ್ಡಿತ್ತು ಎಂಬುದೂ ಗೊತ್ತಾಯಿತು. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಚೀಲ ಹಿಡಿದು ರಸ್ತೆಗಿಳಿದಾಗಿತ್ತು.

ನಮ್ಮಲ್ಲಿ ಕಾನೂನು ಇಷ್ಟು ಭೋಳೆಯಾಗಿಲ್ಲ. ಪ್ಲಾಸ್ಟಿಕ್ ಪೊಟ್ಟಣ ಮಾರುಕಟ್ಟೆಗೆ ಬಿಟ್ಟವರೇ ಅಷ್ಟು ಪ್ಲಾಸ್ಟಿಕ್ಕನ್ನು ವಾಪಸು ಸಂಗ್ರಹಿಸಿ ವಿಲೇವಾರಿ ಮಾಡಿಸಬೇಕು ಎಂಬ ಹೊಣೆ 2016ರ ನಿಯಮದಲ್ಲಿದೆ, 2022ರ ಫೆಬ್ರುವರಿಯಲ್ಲಿ ಅದಕ್ಕೆ ವಿವರವಾದ ಮಾರ್ಗಸೂಚಿಯೂ ಬಂತು. ಕಂಪನಿಯೇ ಬೀದಿಗಿಳಿದು ಹೆಕ್ಕಬೇಕಿಲ್ಲ. ಮರುಬಳಕೆ ಘಟಕದಿಂದ ಪ್ರಮಾಣಪತ್ರ ಕೊಂಡರೆ ಲೆಕ್ಕ ಚುಕ್ತಾ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ ಇಂಥ ಪ್ರಮಾಣಪತ್ರಗಳಲ್ಲಿ ಲಕ್ಷಗಟ್ಟಲೆ ನಕಲಿ ಎಂದು ಹೊರಬಿತ್ತು. ಸಂಗ್ರಹವೇ ಆಗದ ಪ್ಲಾಸ್ಟಿಕ್ಕು ಕಾಗದದ ಮೇಲೆ ಮರುಬಳಕೆಯಾಗಿತ್ತು. ಈ ಕಡೆ ಮಕ್ಕಳಿಗೂ ಸಮಾರಂಭದ ಕೊನೆಗೆ ಪ್ರಮಾಣಪತ್ರ ಕೊಡುತ್ತಾರೆ, ಲ್ಯಾಮಿನೇಶನ್ ಮಾಡಿಸಿ. ಎರಡನ್ನೂ ಹೋಲಿಸಿದರೆ ಮಕ್ಕಳದ್ದೇ ಅಸಲಿ. ಅವರು ನಿಜವಾಗಿಯೂ ಹೆಕ್ಕಿದ್ದಾರೆ, ಅದೂ ಕಂಪನಿಯ ಪಾಲಿನದನ್ನು, ಸಂಬಳವಿಲ್ಲದೆ, ಕಂಪನಿಯದೇ ಟಿ-ಶರ್ಟು ತೊಟ್ಟು.

ಇಷ್ಟು ಹೇಳಿದರೆ ಸಾಕು, ಯಾರಾದರೊಬ್ಬರು ಎದ್ದು ನಿಂತು ಜಪಾನ್ ನೋಡಿ ಎನ್ನುತ್ತಾರೆ. ನೋಡೋಣ. ಜಪಾನಿನ ಮಕ್ಕಳು ದಿನಾ ತಮ್ಮ ತರಗತಿ, ಓಣಿ, ಶೌಚಾಲಯಗಳನ್ನು ತಾವೇ ಗುಡಿಸಿ ಒರೆಸುತ್ತಾರೆ. ಫುಟ್‌ಬಾಲ್ ವಿಶ್ವಕಪ್‌ಗೆ ಹೋದ ಅವರ ಅಭಿಮಾನಿಗಳು ಪಂದ್ಯ ಮುಗಿದ ಮೇಲೆ ಸ್ಟೇಡಿಯಂ ಸ್ವಚ್ಛ ಮಾಡಿ ಬಂದರು. ಆದರೆ ಅಲ್ಲಿ ಎಲ್ಲ ಮಕ್ಕಳೂ ಗುಡಿಸುತ್ತಾರೆ, ಎಲ್ಲ ದಿನವೂ ಗುಡಿಸುತ್ತಾರೆ, ಗುಡಿಸುವುದು ತಮ್ಮದೇ ಕಸವನ್ನು. ನಮ್ಮ ಶಾಲೆಯ ಮಕ್ಕಳು ವರ್ಷಕ್ಕೊಂದು ದಿನ ಕಂಡವರ ಕಸ ಹೆಕ್ಕಿ, ಮರುದಿನ ತಮ್ಮ ತರಗತಿಗೆ ಬಂದರೆ ಅಲ್ಲಿ ಗುಡಿಸಲು ಆಯಾ ಇರುತ್ತಾರೆ. ಪೆನ್ಸಿಲ್ ಕೆತ್ತಿದ ಚೂರು ಡೆಸ್ಕಿನ ಕೆಳಗೆ ಬೀಳುತ್ತದೆ. ಅದನ್ನು ಎತ್ತಿಕೋ ಎಂದರೆ ಸಂಜೆಯೊಳಗೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಬೆಂಕಿ: “ನಾವು ಇಷ್ಟು ಫೀಸು ಕಟ್ಟೋದು ಮಗು ಕಸ ಗುಡಿಸ್ಲಿ ಅಂತಾನಾ?”

ಈ ಪ್ರಶ್ನೆ ಕೇಳುವ ಹಕ್ಕು ಫೀಸು ಕಟ್ಟುವವರಿಗೆ ಮಾತ್ರ ಇದೆ. ಕಟ್ಟಲಾಗದವರ ಮಕ್ಕಳಿಗೂ ಈ ರಾಜ್ಯದಲ್ಲಿ ಸ್ವಚ್ಛತೆಯ ಪಾಠ ನಡೆಯುತ್ತದೆ, ಗ್ಲೌಸು ಇರುವುದಿಲ್ಲ ಅಷ್ಟೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ವಿಡಿಯೊ ಹೊರಬಂತು. ಅದೇ ತಿಂಗಳು ಬೆಂಗಳೂರಿನ ಸರ್ಕಾರಿ ಶಾಲೆಯೊಂದರ ಮಕ್ಕಳು ಶೌಚಾಲಯ ತೊಳೆಯುವ ವಿಡಿಯೊ ಬಂತು. ಅಮಾನತು, ಬಂಧನ, ಸುತ್ತೋಲೆ ಎಲ್ಲ ಆಯಿತು. ಆದರೆ ಮಕ್ಕಳಿಗೆ ಒಂದು ವಿಷಯ ಯಾವ ಸುತ್ತೋಲೆಯೂ ಇಲ್ಲದೆ ಅರ್ಥವಾಗಿದೆ. ಒಬ್ಬ ಹುಡುಗ ಕಸ ಮುಟ್ಟಿದರೆ ಅದು ಆಕ್ಟಿವಿಟಿ, ಅಂಕ ಇದೆ, ಫೋಟೊ ಇದೆ, ಮುಂದೆ ವಿದೇಶದ ಕಾಲೇಜಿನ ಅರ್ಜಿಯಲ್ಲಿ ಒಂದು ಸಾಲೂ ಇದೆ. ಇನ್ನೊಬ್ಬ ಹುಡುಗ ಮುಟ್ಟಿದರೆ ಅದು ಅವನ ಹಣೆಬರಹ. 1901ರಲ್ಲಿ ಸ್ವಯಂಸೇವಕರು ಕೊಟ್ಟ ಉತ್ತರವನ್ನು ನಾವು ಬದಲಿಸಿಲ್ಲ, ಅದಕ್ಕೆ ಟೈಮ್‌ಟೇಬಲ್ ಹಾಕಿದ್ದೇವೆ.

ನಮ್ಮ ರಸ್ತೆಯ ಅಭಿಯಾನಕ್ಕೆ ಬನ್ನಿ. ಮಕ್ಕಳು ಶ್ರದ್ಧೆಯಿಂದ ಹಸಿ ಬೇರೆ, ಒಣ ಬೇರೆ ಮಾಡಿದ್ದರು. ಎರಡು ಬುಟ್ಟಿ, ಒಂದು ಚೀಲ ಎಂದು ಪಾಲಿಕೆ 2015ರಿಂದ ಹೇಳಿಕೊಟ್ಟ ಪಾಠ ಅವರಿಗೆ ಬಾಯಿಪಾಠ. ಹನ್ನೆರಡಕ್ಕೆ ಟಿಪ್ಪರ್ ಬಂತು. ಹುಡುಗ ಕೆಳಗಿಳಿದು ಹಸಿರು ಚೀಲವನ್ನೂ ನೀಲಿ ಚೀಲವನ್ನೂ ಒಂದೇ ಹೊಟ್ಟೆಗೆ ಎಸೆದ. “ಅಣ್ಣಾ, ಅದು ಒಣ ಕಸ!” ಎಂದು ಹುಡುಗಿಯೊಬ್ಬಳು ಓಡಿದಳು. “ಇವತ್ತು ಒಣ ಕಸದ ಗಾಡಿ ಬರಲ್ಲ ಪುಟ್ಟಾ, ರಜಾ” ಎಂದ. ಗಾಂಧಿ ಜಯಂತಿ, ನೋಡಿ.

ಆ ಗಾಡಿ ಎಲ್ಲಿಗೆ ಹೋಗುತ್ತದೆ ಎಂದು ಯಾವ ಶಾಲೆಯೂ ಪ್ರವಾಸ ಏರ್ಪಡಿಸುವುದಿಲ್ಲ. ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ ಹೋಗುತ್ತಿತ್ತು, 2012ರಲ್ಲಿ ಅದು ಮುಚ್ಚಿತು. ಮಂಡೂರಿಗೆ ಹೋಗುತ್ತಿತ್ತು, 2014ರಲ್ಲಿ ಊರವರು ರಸ್ತೆಗಿಳಿದು ಅದನ್ನೂ ನಿಲ್ಲಿಸಿದರು. ಆಮೇಲೆ ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿ. ಈ ಊರುಗಳಲ್ಲೂ ಶಾಲೆಗಳಿವೆ, ಆ ಮಕ್ಕಳೂ ಪರಿಸರ ಪಾಠ ಓದುತ್ತಾರೆ, ಕಿಟಕಿ ಮುಚ್ಚಿಕೊಂಡು. ನಮ್ಮ ಮಕ್ಕಳು ಎರಡು ತಾಸಿನಲ್ಲಿ ಮಾಡಿದ್ದು ಕಸದ ನಾಶವಲ್ಲ, ವರ್ಗಾವಣೆ. ಸರ್ಕಾರಿ ನೌಕರರ ವರ್ಗಾವಣೆಯಂತೆ ಇದರಲ್ಲೂ ಪ್ರಭಾವ ಇರುವ ಊರಿನಿಂದ ಪ್ರಭಾವ ಇಲ್ಲದ ಊರಿಗೇ ಆದೇಶ ಹೊರಡುತ್ತದೆ.

ಕಸ ಹಾಕಿದವರಿಗೇ ಕಸ ವಾಪಸು ಕೊಡಬೇಕೆಂಬ ಜ್ಞಾನೋದಯ ನಮ್ಮ ನಗರಕ್ಕೆ ಆಗದೇ ಇಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಬೀದಿಗೆ ಕಸ ಎಸೆದವರ ಮನೆ ಬಾಗಿಲಿಗೇ ಹೋಗಿ ಸುರಿಯುವ ‘ಕಸ ಸುರಿಯುವ ಹಬ್ಬ’ ನಡೆಯಿತು. ಜನ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಈ ಹಬ್ಬವನ್ನು ಚಿಪ್ಸ್ ಕಂಪನಿಯ ಗೇಟಿನ ಮುಂದೆ, ನಿಷೇಧಿತ ಕವರು ತಯಾರಿಸುವ ಕಾರ್ಖಾನೆಯ ಮುಂದೆ, ಫ್ಲೆಕ್ಸ್‌ನಲ್ಲಿ ಮೀಸೆ ತಿರುವಿದ ನಾಯಕರ ಅಂಗಳದಲ್ಲಿ ಆಚರಿಸುವ ಮುಹೂರ್ತ ಮಾತ್ರ ಪಂಚಾಂಗದಲ್ಲಿ ಇನ್ನೂ ಸಿಕ್ಕಿಲ್ಲ.

ಮಕ್ಕಳು ಕಸ ಹೆಕ್ಕುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಬಗ್ಗಿ ಹೆಕ್ಕಿದ ಕೈ ನಾಳೆ ಎಸೆಯಲು ಹಿಂಜರಿಯುತ್ತದೆ, ಅದು ದೊಡ್ಡ ಲಾಭವೇ. ಆದರೆ ನಮ್ಮ ಶಾಲೆಗಳಲ್ಲಿ ಪರಿಸರ ಪಾಠ ಎಂಬುದು ಕಡ್ಡಾಯವಾದದ್ದು ಯಾರೋ ಕಸ ಹೆಕ್ಕಿದ್ದರಿಂದಲ್ಲ. ಎಂ.ಸಿ. ಮೆಹ್ತಾ ಎಂಬ ವಕೀಲರು ಸರ್ಕಾರವನ್ನು ಕೋರ್ಟಿಗೆಳೆದು ಪ್ರಶ್ನೆ ಕೇಳಿದ್ದರಿಂದ. 1991ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟದ್ದರಿಂದ ಆ ಪಾಠ ಪುಸ್ತಕಕ್ಕೆ ಬಂತು. ಅಂದರೆ ಪರಿಸರ ಪಾಠದ ತಾಯಿ ಒಂದು ತಕರಾರು ಅರ್ಜಿ. ಮಗುವಿಗೆ ತಾಯಿಯ ಪರಿಚಯ ಮಾಡಿಸಬಾರದೇ?

ಖರ್ಚು ಹೆಚ್ಚಿಲ್ಲ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಒಂದು ಚಿಪ್ಸ್ ಪೊಟ್ಟಣದ ಬೆಲೆ. ಕಾಯ್ದೆಯಲ್ಲಿ ವಯಸ್ಸಿನ ಮಿತಿ ಇಲ್ಲ, ದೇಶದ ಪ್ರಜೆಯಾದರೆ ಸಾಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ 150 ಪದ ಮೀರದಂತೆ ಇರಬೇಕು, ಏಳನೇ ತರಗತಿಯ ಪ್ರಬಂಧಕ್ಕೆ ಹೇಳಿ ಮಾಡಿಸಿದ ಅಳತೆ. ಚೀಲ ತುಂಬಿಸಿದ ಹುಡುಗಿ ಮನೆಗೆ ಹೋಗಿ ಬರೆಯಲಿ: 2016ರ ನಿಷೇಧದ ನಂತರ ನಮ್ಮ ವಾರ್ಡಿನಲ್ಲಿ ಎಷ್ಟು ಅಂಗಡಿಗಳಿಗೆ, ಎಷ್ಟು ಕಾರ್ಖಾನೆಗಳಿಗೆ ದಂಡ ಹಾಕಿದ್ದೀರಿ? 30 ದಿನದಲ್ಲಿ ಉತ್ತರ ಬರಬೇಕು. ಮಾಹಿತಿ ಲಭ್ಯವಿಲ್ಲ ಎಂದು ಬಂದರೂ ಚಿಂತೆಯಿಲ್ಲ. ಕಸ ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಅಷ್ಟು ಸ್ಪಷ್ಟವಾದ ವಿಳಾಸ ಯಾವ ಪಠ್ಯಪುಸ್ತಕದಲ್ಲೂ ಸಿಗದು.

ಕೋಆರ್ಡಿನೇಟರ್ ಮೇಡಂ ಹತ್ತಿರ ಇದನ್ನು ಪ್ರಸ್ತಾಪಿಸಿ ನೋಡಿದೆ. ಅವರು ಪ್ರಾಮಾಣಿಕರು, ನೇರವಾಗಿಯೇ ಹೇಳಿದರು: “ಸಾರ್, ಕಸ ಹೆಕ್ಕಿದ್ರೆ ಸ್ಕೂಲಿಗೆ ಪೇಪರಿನವರು ಬರ್ತಾರೆ. ಅರ್ಜಿ ಹಾಕಿದ್ರೆ ಇನ್‌ಸ್ಪೆಕ್ಷನ್‌ನವರು ಬರ್ತಾರೆ.”